ಗಾಣಕ್ಕಂಟಿದ ಲೋಳೆ, ಮಸಾಲೆ ಡಬ್ಬಿಯ ಮದ್ದು

ಹೊಸಪೇಟೆಯಿಂದ ಕಮಲಾಪುರದ ಮೇಲೆ ಹಂಪಿಗೆ ಹೋಗುವ ರಸ್ತೆಯಲ್ಲಿ ಬಿಸಿಲು ಏರಿದಂತೆ ಕಬ್ಬಿನ ಹಾಲಿನ ಗಾಡಿಗಳೂ ಹೆಚ್ಚುತ್ತವೆ. ಒಮ್ಮೆ ಹಿಂಡಿದ ಜಲ್ಲೆಯನ್ನು ಮಡಚಿ, ಮಡಿಕೆಯೊಳಗೆ ಒಂದು ಚೂರು ಹಸಿಶುಂಠಿ, ಅರ್ಧ ನಿಂಬೆಹಣ್ಣು ಸಿಕ್ಕಿಸಿ ಮತ್ತೆ ಗಾಣಕ್ಕೆ ಕೊಡುತ್ತಾರೆ. ರಸ ರೋಲರಿನ ಕೆಳಗಿನ ತಗಡಿನ ತಟ್ಟೆಗೆ ಬಿದ್ದು, ಜಾಲರಿ ದಾಟಿ ಪಾತ್ರೆಗೆ ಇಳಿಯುತ್ತದೆ. ಸಂಜೆ ಗಾಡಿ ಮುಚ್ಚುವ ಹೊತ್ತಿಗೆ ಆ ತಟ್ಟೆಯ ಅಂಚನ್ನೋ ರೋಲರಿನ ಹಲ್ಲುಗಳ ಸಂದನ್ನೋ ಬೆರಳಿನಿಂದ ಮುಟ್ಟಿ ನೋಡಿದರೆ ಜಾರುವ ಪೊರೆಯೊಂದು ಕೈಗೆ ಹತ್ತುತ್ತದೆ. ಒಂದು ಚೊಂಬು ನೀರು ಸುರಿದರೆ ಸಿಪ್ಪೆಯ ಚೂರುಗಳು ಕೊಚ್ಚಿಹೋಗುತ್ತವೆ. ಜಾರಿಕೆ ಮಾತ್ರ ಅಲ್ಲೇ ಉಳಿಯುತ್ತದೆ.

ವಿಜ್ಞಾನಿಗಳು ಬಯೋಫಿಲ್ಮ್ ಎನ್ನುವುದು ಇದನ್ನೇ. ರಸದಲ್ಲಿ ತೇಲುವ ಬ್ಯಾಕ್ಟೀರಿಯಾ ಮತ್ತು ತಗಡಿಗೆ ಅಂಟಿ ಕೂತ ಬ್ಯಾಕ್ಟೀರಿಯಾ ಒಂದೇ ಜಾತಿಯವಾಗಿರಬಹುದು, ಆದರೆ ಅವುಗಳ ಬದುಕಿನ ರೀತಿ ಬೇರೆ. ತೇಲುವುದನ್ನು ಕೊಲ್ಲುವುದು ಸುಲಭ. ಅಂಟಿ ಕೂತು ತನ್ನ ಸುತ್ತ ಲೋಳೆ ಕಟ್ಟಿಕೊಂಡದ್ದನ್ನು ಕೊಲ್ಲಲು ಕೆಲವೊಮ್ಮೆ ಹತ್ತು ಪಟ್ಟು, ಕೆಲವೊಮ್ಮೆ ಸಾವಿರ ಪಟ್ಟು ಮದ್ದು ಬೇಕಾಗುತ್ತದೆ. ಕಳೆದ ಮೂರು ದಶಕಗಳಿಂದ ಆಹಾರ ವಿಜ್ಞಾನ ಒಂದು ಪ್ರಶ್ನೆಯ ಸುತ್ತ ಬಿಡದೆ ದುಡಿಯುತ್ತಿದೆ: ಗಿಡ, ಹಾಲು, ಮೊಟ್ಟೆ, ಹುಳಿ ಹಿಡಿಸುವ ಬ್ಯಾಕ್ಟೀರಿಯಾ, ಇವುಗಳಿಂದ ಸಿಗುವ ನೈಸರ್ಗಿಕ ಸೂಕ್ಷ್ಮಾಣುನಾಶಕಗಳನ್ನು ಒಂದರೊಡನೊಂದು ಬೆರೆಸಿ ಈ ಲೋಳೆಯನ್ನು ಹತೋಟಿಗೆ ತರಬಹುದೇ? ತುಂಗಭದ್ರೆಯ ಈ ಬದಿಯ ಹೊಸಪೇಟೆ, ಹಂಪಿ, ಕಂಪ್ಲಿ, ಸಂಡೂರುಗಳ ಅಡುಗೆಮನೆ, ಗಾಣ, ಮೀನಿನ ಹಲಗೆ, ಹಾಲಿನ ಕ್ಯಾನುಗಳನ್ನು ಮುಂದಿಟ್ಟುಕೊಂಡು ಆ ಪ್ರಶ್ನೆಯನ್ನು ನೋಡುವುದು ಈ ಲೇಖನದ ಉದ್ದೇಶ.

ಲೋಳೆಯ ಕಥೆ ಸಕ್ಕರೆಯಿಂದಲೇ ಶುರುವಾಗುವುದು ಈ ಭಾಗದವರಿಗೆ ಹತ್ತಿರದ ಸಂಗತಿ. ಹೊಸಪೇಟೆ, ಕಂಪ್ಲಿ ಬಯಲಿಗೆ ವಿಜಯನಗರದ ಅರಸರ ಕಾಲುವೆಗಳ ನೀರಿತ್ತು. 1953ರಲ್ಲಿ ತುಂಗಭದ್ರಾ ಜಲಾಶಯ ಬಂದ ಮೇಲೆ ಭತ್ತ ಮತ್ತು ಕಬ್ಬು ಇನ್ನಷ್ಟು ಹಬ್ಬಿದವು. ಆಲೆಮನೆಯವರಿಗೂ ಸಕ್ಕರೆ ಕಾರ್ಖಾನೆಯವರಿಗೂ ಒಂದು ಸತ್ಯ ಗೊತ್ತು: ಕಡಿದ ಕಬ್ಬನ್ನು ಬಿಸಿಲಲ್ಲಿ ಬಿಟ್ಟಷ್ಟೂ ರಸ ಕೆಡುತ್ತದೆ, ಅಂಟಂಟಾಗುತ್ತದೆ, ಬೆಲ್ಲ ಸರಿಯಾಗಿ ಕೂಡುವುದಿಲ್ಲ. ಕಾರಣ ಲ್ಯುಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಅದು ಸಕ್ಕರೆಯನ್ನು ಡೆಕ್ಸ್‌ಟ್ರಾನ್ ಎಂಬ ಲೋಳೆಯಾಗಿ ಹೆಣೆಯುತ್ತದೆ. ಯುರೋಪಿನ ಸಕ್ಕರೆ ಕಾರ್ಖಾನೆಗಳ ಪೈಪುಗಳಲ್ಲಿ ಕಪ್ಪೆಮೊಟ್ಟೆಯಂಥ ಗಡ್ಡೆಗಳಾಗಿ ಇದು ಕಟ್ಟಿಕೊಳ್ಳುತ್ತಿತ್ತು. 1878ರಲ್ಲಿ ಫ್ರೆಂಚ್ ಸಸ್ಯವಿಜ್ಞಾನಿ ವಾನ್ ಟೀಗೆಮ್ ಅದನ್ನು ಗುರುತಿಸಿ ಹೆಸರಿಟ್ಟರು. ಅದಕ್ಕೂ ಮುಂಚೆ, 1683ರಲ್ಲಿ, ಲೇವೆನ್‌ಹುಕ್ ತನ್ನ ಹಲ್ಲಿನ ಪಾಚಿಯನ್ನೇ ಕೆರೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಕಂಡದ್ದೂ ಬಯೋಫಿಲ್ಮೇ. ಆದರೂ ಬ್ಯಾಕ್ಟೀರಿಯಾಗಳ ಸಹಜ ಬದುಕು ತೇಲುವುದಲ್ಲ, ಅಂಟುವುದು ಎಂಬ ಮಾತು ಗಟ್ಟಿಯಾದದ್ದು 1978ರ ಸುಮಾರಿಗೆ, ಕೆನಡಾದ ವಿಲಿಯಂ ಕಾಸ್ಟರ್ಟನ್ ಮತ್ತು ಸಂಗಡಿಗರ ಬರಹಗಳಿಂದ.

ಈ ಪದರ ಕಟ್ಟುವ ಕ್ರಮ ಹೀಗಿದೆ. ತಗಡು, ಪ್ಲಾಸ್ಟಿಕ್, ಮರ, ಯಾವುದೇ ಇರಲಿ, ಅದರ ಮೇಲೆ ಮೊದಲು ಸಕ್ಕರೆ, ಪ್ರೋಟೀನು, ಜಿಡ್ಡಿನ ತೆಳುಲೇಪ ಕೂರುತ್ತದೆ. ಅದಕ್ಕೆ ಬ್ಯಾಕ್ಟೀರಿಯಾ ಬಂದು ತಾಗುತ್ತವೆ. ಮೊದಮೊದಲು ಹಿಡಿತ ಸಡಿಲ, ತೊಳೆದರೆ ಹೋಗುತ್ತವೆ. ಕೆಲವು ಗಂಟೆ ಕಳೆದರೆ ಬೇರೂರಿ ಸಕ್ಕರೆಯ ಸರಪಳಿ, ಪ್ರೋಟೀನು, ಸತ್ತ ಜೀವಕೋಶಗಳಿಂದ ಸುರಿದ ಡಿಎನ್‌ಎ, ಇಷ್ಟನ್ನೂ ಕಲಸಿ ಗೋಡೆ ಕಟ್ಟುತ್ತವೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಈ ಗೋಡೆಗೆ ಬಿಗಿ ಕೊಡುತ್ತವೆ. ಬ್ಯಾಕ್ಟೀರಿಯಾಗಳು ರಾಸಾಯನಿಕ ಸಂಕೇತಗಳಿಂದ ತಮ್ಮ ಸಂಖ್ಯೆಯನ್ನು ಅಳೆಯುತ್ತವೆ. ಗುಂಪು ಸಾಕಷ್ಟು ದೊಡ್ಡದಾಯಿತೆಂದು ತಿಳಿದಾಗ ಎಲ್ಲವೂ ಒಟ್ಟಿಗೆ ವರಸೆ ಬದಲಿಸುತ್ತವೆ. ಒಳಪದರದಲ್ಲಿ ಉಸಿರಾಟಕ್ಕೂ ಆಹಾರಕ್ಕೂ ಕೊರತೆ. ಅಲ್ಲಿರುವವು ನಿಧಾನಗತಿಯಲ್ಲಿ, ಹೆಚ್ಚುಕಡಿಮೆ ನಿದ್ದೆಯಲ್ಲಿ ಬದುಕುತ್ತವೆ. ಬೆಳೆಯುವ ಜೀವಕೋಶವನ್ನು ಹೊಡೆಯಲೆಂದು ಮಾಡಿದ ಮದ್ದು ನಿದ್ದೆಯಲ್ಲಿರುವುದನ್ನು ಹೊಡೆಯಲಾರದು. ಬ್ಲೀಚಿಂಗ್ ಪುಡಿಯ ಕ್ಲೋರಿನ್ ಮೇಲ್ಪದರದ ಸಾವಯವ ಕಸದೊಡನೆ ಕಾದಾಡಿ ಅಲ್ಲೇ ಮುಗಿದುಹೋಗುತ್ತದೆ.

ಇದನ್ನು ಕನ್ನಡ ನೆಲದಲ್ಲೇ ಅಳೆದು ತೋರಿಸಿದವರು ಮಂಗಳೂರಿನ ಮೀನುಗಾರಿಕಾ ಕಾಲೇಜಿನವರು. ಇದ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಅವರ ತಂಡ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾವನ್ನು ಪ್ಲಾಸ್ಟಿಕ್, ಸಿಮೆಂಟ್, ಸ್ಟೀಲ್ ಮೂರರ ಮೇಲೂ ಬೆಳೆಸಿ ನೋಡಿದರು. ಅತಿ ದಟ್ಟವಾಗಿ ಬೆಳೆದದ್ದು ಪ್ಲಾಸ್ಟಿಕ್ ಮೇಲೆ, ಆಮೇಲೆ ಸಿಮೆಂಟ್, ಕೊನೆಗೆ ಸ್ಟೀಲ್. ತೇಲುವ ಸಾಲ್ಮೊನೆಲ್ಲಾವನ್ನು ಮುಗಿಸುವ ಕ್ಲೋರಿನ್, ಅಯೋಡಿನ್ ಪ್ರಮಾಣ ಅಂಟಿಕೊಂಡದ್ದಕ್ಕೆ ಸಾಲಲಿಲ್ಲ. ಪ್ರಮಾಣವನ್ನೂ ಹೊತ್ತನ್ನೂ ಏರಿಸಬೇಕಾಯಿತು. ಮೀನು ಸಂಸ್ಕರಣಾ ಘಟಕಗಳಿಗೆಂದು ಮಾಡಿದ ಪ್ರಯೋಗ ಅದು. ಆದರೆ ಜಲಾಶಯದ ಮೀನು ಹೊಸಪೇಟೆಗೆ ಬಂದು ಕೂರುವುದೂ ಪ್ಲಾಸ್ಟಿಕ್ ಕ್ರೇಟಿನಲ್ಲೇ, ಅದನ್ನು ಹೆಚ್ಚುವುದೂ ಸಿಮೆಂಟ್ ಕಟ್ಟೆ ಅಥವಾ ಮರದ ದಿಮ್ಮಿಯ ಮೇಲೆಯೇ. ಮರದ ದಿಮ್ಮಿಯಲ್ಲಿ ಕತ್ತಿಯ ಪೆಟ್ಟಿನ ಪ್ರತಿಯೊಂದು ಗಾಯವೂ ಲೋಳೆಗೆ ಆಸರೆ.

ಇದೆಲ್ಲ ಬರೀ ಅಸಹ್ಯದ ಮಾತಲ್ಲ. ಕೆಟ್ಟ ಆಹಾರದಿಂದ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 60 ಕೋಟಿ ಜನ ಕಾಯಿಲೆ ಬೀಳುತ್ತಾರೆ, 4.2 ಲಕ್ಷ ಜನ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಅಂದಾಜು ಮಾಡಿತು. ದಕ್ಷಿಣ ಆಫ್ರಿಕಾದಲ್ಲಿ 2017-18ರಲ್ಲಿ ಸಂಸ್ಕರಿಸಿದ ಮಾಂಸದ ಮೂಲಕ ಲಿಸ್ಟೀರಿಯಾ ಹರಡಿ 1,060 ಮಂದಿಗೆ ಸೋಂಕು ತಗುಲಿತು, 216 ಜನ ತೀರಿಕೊಂಡರು. ಲಿಸ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. ಕಾರ್ಖಾನೆಯ ಮೋರಿಯಲ್ಲಿ, ಯಂತ್ರದ ಸಂದಿನಲ್ಲಿ ವರ್ಷಗಟ್ಟಲೆ ಬಯೋಫಿಲ್ಮಾಗಿ ಉಳಿಯಬಲ್ಲದು. ನಮ್ಮ ರಾಜ್ಯದಲ್ಲಿ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಯ ರೊಡಮಿನ್-ಬಿ ಬಣ್ಣವನ್ನು ಸರ್ಕಾರ ನಿಷೇಧಿಸಿತು. ಒಳ್ಳೆಯ ಕೆಲಸ. ಬಣ್ಣ ಕಣ್ಣಿಗೆ ಕಾಣುತ್ತದೆ, ಹಾಗಾಗಿ ಸುದ್ದಿಯಾಗುತ್ತದೆ. ಲೋಳೆ ಕಾಣುವುದಿಲ್ಲ, ಹಾಗಾಗಿ ಅದರ ಬಗ್ಗೆ ಯಾರೂ ಕೇಳುವುದಿಲ್ಲ ಎಂಬುದು ನನ್ನ ದೊಡ್ಡ ದೂರು.

ಇನ್ನು ಮದ್ದುಗಳ ವಿಷಯ. ನಮ್ಮ ಮಸಾಲೆ ಡಬ್ಬಿಯಲ್ಲಿರುವ ಪದಾರ್ಥಗಳಲ್ಲಿ ಬ್ಯಾಕ್ಟೀರಿಯಾ ಮೇಲೆ ನಿಜಕ್ಕೂ ಬಲವಾಗಿ ಕೆಲಸ ಮಾಡುವವು ನಾಲ್ಕೈದು: ಅಜವಾನದ ಥೈಮಾಲ್, ಲವಂಗದ ಯುಜೆನಾಲ್, ಚಕ್ಕೆಯ ಸಿನ್ನಮಾಲ್ಡಿಹೈಡ್, ಜಜ್ಜಿದ ಬೆಳ್ಳುಳ್ಳಿಯ ಅಲ್ಲಿಸಿನ್. ದೊಡ್ಡಪತ್ರೆಯಲ್ಲೂ ಸಿಗುವ ಕಾರ್ವಕ್ರಾಲ್ ಥೈಮಾಲಿನ ಅವಳಿ. ಇವುಗಳಲ್ಲಿ ಎಣ್ಣೆಯಂಶದವು ಬ್ಯಾಕ್ಟೀರಿಯಾದ ಹೊರಪೊರೆಗೆ ನುಗ್ಗಿ ಅದನ್ನು ಸೋರುವಂತೆ ಮಾಡುತ್ತವೆ. ಅರಿಶಿನಕ್ಕೆ ಹೆಸರು ದೊಡ್ಡದು, ಆದರೆ ಅದರ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಅದೊಂದರಿಂದಲೇ ಪಾತ್ರೆ ಶುದ್ಧವಾಗುತ್ತದೆಂದು ನಂಬುವುದಕ್ಕೆ ಆಧಾರ ಸಾಲದು. ನಿಂಬೆಯ ಸಿಟ್ರಿಕ್ ಆಮ್ಲ ಮತ್ತು ಹುಣಸೆಯ ಟಾರ್ಟಾರಿಕ್ ಆಮ್ಲಕ್ಕೆ ಎರಡು ಗುಣ. ಒಂದು, ಹುಳಿ. ಇನ್ನೊಂದು, ಲೋಳೆಗೆ ಬಿಗಿ ಕೊಡುವ ಕ್ಯಾಲ್ಸಿಯಂನಂಥ ಲೋಹಾಂಶಗಳನ್ನು ಕಟ್ಟಿಹಾಕುವುದು. ಈ ಎರಡನೆಯ ಗುಣವೇ ಬೆರಕೆಯ ಲೆಕ್ಕದಲ್ಲಿ ಹೆಚ್ಚು ಬೆಲೆಯುಳ್ಳದ್ದು.

ಅಡುಗೆಮನೆಯ ಆಚೆ, ಹಾಲಿನ ಕಡೆಯಿಂದ ಬಂದದ್ದು ನೈಸಿನ್. ಹಾಲನ್ನು ಹುಳಿ ಹಿಡಿಸುವ ಲ್ಯಾಕ್ಟೊಕಾಕಸ್ ಬ್ಯಾಕ್ಟೀರಿಯಾ ತನ್ನ ಎದುರಾಳಿಗಳನ್ನು ಕೊಲ್ಲಲು ಸ್ರವಿಸುವ ಸಣ್ಣ ಪ್ರೋಟೀನು ಇದು. 1928ರಲ್ಲಿ ಇದರ ಸುಳಿವು ಸಿಕ್ಕಿತು. 1947ರಲ್ಲಿ ಹೆಸರು ಬಂತು. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ-ಕೃಷಿ ಸಂಸ್ಥೆಗಳ ತಜ್ಞ ಸಮಿತಿ ಸುರಕ್ಷಿತವೆಂದಿತು. ಇಂದು ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ, ಭಾರತದಲ್ಲೂ, ಚೀಸ್‌ನಂಥ ಪದಾರ್ಥಗಳಿಗೆ ಬಳಕೆಯಲ್ಲಿದೆ. ಮೊಟ್ಟೆಯ ಬಿಳಿಯಲ್ಲಿರುವ ಲೈಸೊಜೈಮ್, ಹಾಲಿನ ಲ್ಯಾಕ್ಟೊಫೆರಿನ್, ಸೀಗಡಿಯ ಚಿಪ್ಪಿನಿಂದ ಬರುವ ಕೈಟೊಸಾನ್ ಇದೇ ಸಾಲಿನವು. ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್‌ಗಳನ್ನು ಮಾಂಸದ ಮೇಲೆ ಸಿಂಪಡಿಸಲು ಅಮೆರಿಕ 2006ರಲ್ಲಿ ಒಪ್ಪಿಗೆ ಕೊಟ್ಟಿತು. ಅದು ಬೇರೆಯೇ ದೊಡ್ಡ ಅಧ್ಯಾಯ, ಇಲ್ಲಿ ಬಿಡುತ್ತೇನೆ.

ಒಂಟಿಯಾಗಿ ಇವುಗಳಲ್ಲಿ ಪ್ರತಿಯೊಂದಕ್ಕೂ ಒಂದು ಸೋಲಿದೆ. ನೈಸಿನ್ ಲಿಸ್ಟೀರಿಯಾ, ಬ್ಯಾಸಿಲಸ್‌ಗಳನ್ನು ಹೊಡೆಯುತ್ತದೆ. ಸಾಲ್ಮೊನೆಲ್ಲಾ, ಇ-ಕೊಲೈಗಳಿಗೆ ಹೊರಗೊಂದು ಹೆಚ್ಚುವರಿ ಪೊರೆ ಇರುವುದರಿಂದ ಅವುಗಳ ಹತ್ತಿರ ಸುಳಿಯಲಾರದು. ಲವಂಗದೆಣ್ಣೆ ಎಲ್ಲವನ್ನೂ ಹೊಡೆಯುತ್ತದೆ, ಆದರೆ ಬೇಕಾದಷ್ಟು ಹಾಕಿದರೆ ತಿಂಡಿಯನ್ನು ಬಾಯಿಗಿಡಲಾಗುವುದಿಲ್ಲ. ಬೆರಕೆಯ ವಿಚಾರ ಹುಟ್ಟಿದ್ದು ಇಲ್ಲಿಂದ. ಸಿಟ್ರಿಕ್ ಆಮ್ಲ ಹೊರಪೊರೆಯ ಬಿಗಿ ಸಡಿಲಿಸಿದರೆ ನೈಸಿನ್ ಒಳಗೆ ಹೋಗುತ್ತದೆ. ನೈಸಿನ್ ರಂಧ್ರ ಕೊರೆಯುವಾಗಲೇ ಕಾರ್ವಕ್ರಾಲ್ ಪೊರೆಯನ್ನು ಹದಗೆಡಿಸಿದರೆ ಎರಡೂ ಕಡಿಮೆ ಪ್ರಮಾಣದಲ್ಲಿ ಸಾಕು. ನೆದರ್‌ಲೆಂಡ್ಸ್‌ನ ಸಂಶೋಧಕರು 1999ರಲ್ಲಿ ಬ್ಯಾಸಿಲಸ್ ಸೀರಿಯಸ್ ಮತ್ತು ಲಿಸ್ಟೀರಿಯಾ ಎರಡರ ಮೇಲೂ ಈ ಜೋಡಿಯನ್ನು ಪರೀಕ್ಷಿಸಿ, ಕೂಡಿದ ಬಲ ಬಿಡಿಬಿಡಿ ಬಲಗಳ ಮೊತ್ತಕ್ಕಿಂತ ಹೆಚ್ಚೆಂದು ತೋರಿಸಿದರು. ಅದೇ ಹೊತ್ತಿನಲ್ಲಿ ಹೊರಬಿದ್ದ ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿದ್ದು. ಪಿ-ಸೈಮೀನ್ ಎಂಬ ವಸ್ತು ತಾನಾಗಿ ಬ್ಯಾಕ್ಟೀರಿಯಾವನ್ನು ಅಷ್ಟೇನೂ ಕೊಲ್ಲುವುದಿಲ್ಲ, ಆದರೆ ಪೊರೆಯನ್ನು ಊದಿಸಿ ಕಾರ್ವಕ್ರಾಲ್ ಒಳಸೇರಲು ದಾರಿ ಮಾಡಿಕೊಡುತ್ತದೆ. ಅಜವಾನದ ಎಣ್ಣೆಯಲ್ಲಿ ಥೈಮಾಲ್ ಜೊತೆಗೆ ಈ ಪಿ-ಸೈಮೀನ್ ಕೂಡ ಇರುತ್ತದೆ. ಹೊಸಪೇಟೆಯಲ್ಲಿ ಮಂಡಕ್ಕಿ ಒಗ್ಗರಣೆಯ ಜೊತೆ ಕೊಡುವ ಮಿರ್ಚಿಯ ಹಿಟ್ಟಿಗೆ ಬೀಳುವ ಚಿಟಿಕೆ ಅಜವಾನ, ಹೀಗೆ, ಒಳಗೊಳಗೇ ಒಂದು ಬೆರಕೆ.

ಬೆರಕೆ ನಿಜಕ್ಕೂ ಕೂಡಿ ದುಡಿಯುತ್ತಿದೆಯೇ ಎಂದು ತಿಳಿಯಲು ಒಂದು ಲೆಕ್ಕವಿದೆ. ಪ್ರತಿಯೊಂದು ಮದ್ದೂ ಜೋಡಿಯಲ್ಲಿ ಎಷ್ಟು ಬೇಕಾಯಿತು ಎಂಬುದನ್ನು ಒಂಟಿಯಾಗಿದ್ದಾಗ ಎಷ್ಟು ಬೇಕಿತ್ತು ಎಂಬುದರಿಂದ ಭಾಗಿಸಿ, ಎರಡು ಮದ್ದುಗಳ ಈ ಎರಡು ಅನುಪಾತಗಳನ್ನು ಕೂಡಿದಾಗ ಮೊತ್ತ 0.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಒಂದಕ್ಕೊಂದು ಬಲ. 4 ದಾಟಿದರೆ ಒಂದು ಇನ್ನೊಂದನ್ನು ಕೆಡಿಸುತ್ತಿದೆ. ನಡುವೆ ಬಂದರೆ ಜೋಡಿ ಮಾಡಿ ಹೆಚ್ಚೇನೂ ಗಳಿಸಿದಂತಾಗಲಿಲ್ಲ. ಪ್ರಕಟವಾದ ಸಾವಿರಾರು ಜೋಡಿಗಳ ವರದಿ ಓದುವಾಗ ಒಂದು ಎಚ್ಚರ ಬೇಕು. ಈ ಲೆಕ್ಕವನ್ನು ಬಹುಪಾಲು ಮಾಡಿರುವುದು ತೇಲುವ ಬ್ಯಾಕ್ಟೀರಿಯಾ ಮೇಲೆ. ಅಂಟಿದ ಪದರವನ್ನು ಕ್ರಮಬದ್ಧವಾಗಿ ಬೆಳೆಸಿ ಮದ್ದಿನ ಪ್ರಮಾಣ ಅಳೆಯುವ ಸರಳ ಸಾಧನ ಕೆನಡಾದ ಕ್ಯಾಲ್ಗರಿಯಲ್ಲಿ ಸಿದ್ಧವಾದದ್ದೇ 1999ರಲ್ಲಿ. ಅದರಲ್ಲೂ ಬೆಳೆಯುವುದು ಸಾಮಾನ್ಯವಾಗಿ ಒಂದೇ ಜಾತಿಯ, ಒಂದು ದಿನದ ಪದರ. ಗಾಣದ ಮೇಲಿನದೋ ಹತ್ತಾರು ಜಾತಿಗಳದ್ದು, ಯೀಸ್ಟನ್ನೂ ಕೂಡಿಸಿಕೊಂಡದ್ದು, ತಿಂಗಳುಗಟ್ಟಲೆ ಹಳೆಯದು.

ಕಂಪ್ಲಿಯ ಅನ್ನದ ಕಡೆ ಬರೋಣ. ಭತ್ತದ ನಾಡಿನಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬುದು ಹೊರಗಿನಿಂದ ಬರುವ ಶತ್ರುವಲ್ಲ, ಗದ್ದೆಯ ಮಣ್ಣಿನಿಂದ ಅಕ್ಕಿಯ ಜೊತೆಗೇ ಬರುತ್ತದೆ. ಅದರ ಬೀಜಕಗಳು ಅನ್ನ ಬೇಯುವ ಕಾವನ್ನು ತಾಳಿಕೊಳ್ಳುತ್ತವೆ. ಬೆಂದ ಅನ್ನ ದೊಡ್ಡ ಪಾತ್ರೆಯಲ್ಲಿ ಮೆಲ್ಲಗೆ ಆರುವಾಗ ಮೊಳೆತು ಬೆಳೆದು, ವಾಂತಿ ತರಿಸುವ ವಿಷ ಬಿಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಹೋಗದು. ಬೀಜಕಗಳ ಹೊರಮೈ ನೀರನ್ನು ಒಲ್ಲದು, ಹಾಗಾಗಿ ಸ್ಟೀಲಿಗೆ ಬಲು ಗಟ್ಟಿಯಾಗಿ ಅಂಟುತ್ತದೆ. ಪಾತ್ರೆಯ ಕಂಠದ ಸುರುಳಿಯಲ್ಲಿ, ಜಾಲರಿ ಸೌಟಿನ ತೂತುಗಳಲ್ಲಿ ಅವು ಮುಂದಿನ ಅಡುಗೆಗೆ ಕಾದಿರುತ್ತವೆ.

ಇದಕ್ಕೆ ನಮ್ಮ ಹಿರಿಯರ ಉತ್ತರ ಚಿತ್ರಾನ್ನ, ಹುಳಿಯನ್ನ, ಬುತ್ತಿಯ ಮೊಸರನ್ನ. ಸಂಡೂರಿನ ಗಣಿ ಕಡೆ ಬೆಳಗಿನ ಜಾವವೇ ಹೊರಡುವವರ ಡಬ್ಬಿಯಲ್ಲಿ ಮಧ್ಯಾಹ್ನದವರೆಗೆ ಇರಬೇಕಾದ ಅನ್ನ ಇಂಥದ್ದೇ. ನಿಂಬೆ ಅಥವಾ ಹುಣಸೆಯ ಹುಳಿ ಅನ್ನದ ಪಿಎಚ್ ಅನ್ನು 4.5ರ ಆಸುಪಾಸಿಗೆ ಇಳಿಸಿದರೆ ಬ್ಯಾಸಿಲಸ್ ಬೆಳೆಯಲು ತಿಣುಕುತ್ತದೆ. ಉಪ್ಪು, ಒಗ್ಗರಣೆಯ ಸಾಸಿವೆ, ಇಂಗು, ಅರಿಶಿನ ಅದಕ್ಕೆ ಅಷ್ಟಷ್ಟು ಒತ್ತಾಸೆ. ಜರ್ಮನಿಯ ಲೋಥರ್ ಲೈಸ್ಟ್‌ನರ್ 1970ರ ದಶಕದಿಂದ ಕಟ್ಟಿದ ಸಿದ್ಧಾಂತ ಹೇಳುವುದೂ ಇದನ್ನೇ: ಒಂದೇ ದೊಡ್ಡ ಅಡ್ಡಿಯ ಬದಲು ಹಲವು ಸಣ್ಣ ಅಡ್ಡಿಗಳನ್ನು ಸಾಲಾಗಿ ಇಡಿ, ಬ್ಯಾಕ್ಟೀರಿಯಾ ಎಲ್ಲವನ್ನೂ ದಾಟುವಷ್ಟರಲ್ಲಿ ಸೋಲುತ್ತದೆ. ಜೋಳದ ಖಡಕ್ ರೊಟ್ಟಿ ಇನ್ನೊಂದು ದಾರಿ ಹಿಡಿದಿದೆ. ಅದರಲ್ಲಿ ನೀರೇ ಇಲ್ಲ, ಬೆಳೆಯುವ ಮಾತೇ ಇಲ್ಲ.

ಇಲ್ಲಿ ಒಂದು ಗೆರೆ ಎಳೆಯಬೇಕು. ನಮ್ಮ ಅಡುಗೆಯ ಜಾಣತನವನ್ನು ಕೊಂಡಾಡುವ ಬರಹಗಳು ಹೆಚ್ಚಾಗಿ ಈ ಗೆರೆಯನ್ನು ಕಾಣುವುದಿಲ್ಲ. ಚಿತ್ರಾನ್ನದ ಹುಳಿ ಕಾಯುವುದು ಅನ್ನವನ್ನು, ಅದೂ ಕೆಲವು ಗಂಟೆಗಳ ಕಾಲ. ಪಾತ್ರೆಯ ಅಂಚಿನ ಲೋಳೆಯನ್ನು ಅದು ಮುಟ್ಟುವುದಿಲ್ಲ. ಗಾಣದಲ್ಲಿ ಹಿಂಡಿದ ನಿಂಬೆ ಲೋಟದಲ್ಲಿರುವ ರಸಕ್ಕೆ ಸ್ವಲ್ಪ ಕಾವಲು, ರೋಲರಿಗಲ್ಲ. ಕಬ್ಬಿನ ಹಾಲಿನ ಪಿಎಚ್ ಸುಮಾರು 5ರಿಂದ 5.5, ಸಕ್ಕರೆ ಹೇರಳ. ಅದರ ಜೊತೆ ಸರಿದುಹೋಗುವ ನಿಂಬೆರಸ ತಗಡಿನ ಮೇಲೆ ನಿಲ್ಲುವುದು ಕ್ಷಣಮಾತ್ರ. ಅಂಟಿದ ಪದರಕ್ಕೆ ಮದ್ದು ತಾಗಿ ನಿಲ್ಲಬೇಕು, ನಿಮಿಷಗಳ ಲೆಕ್ಕದಲ್ಲಿ. ಹಾಗಾಗಿ ಆಹಾರವನ್ನು ಕಾಯುವ ಬೆರಕೆ ಮತ್ತು ಮೇಲ್ಮೈಯನ್ನು ಶುದ್ಧಮಾಡುವ ಬೆರಕೆ ಎರಡು ಬೇರೆ ಕಸುಬುಗಳು.

ಹಾಲಿನಲ್ಲಿ ಈ ಎರಡೂ ಒಂದೆಡೆ ಸಿಗುತ್ತವೆ. ಹಾಲಿನಲ್ಲಿ ಸಹಜವಾಗಿ ಲ್ಯಾಕ್ಟೊಪೆರಾಕ್ಸಿಡೇಸ್ ಎಂಬ ಕಿಣ್ವವಿದೆ. ಅದಕ್ಕೆ ಚೂರು ಥಯೊಸಯನೇಟ್, ಚೂರು ಹೈಡ್ರೋಜನ್ ಪೆರಾಕ್ಸೈಡ್ ಸಿಕ್ಕರೆ ಮೂರೂ ಸೇರಿ ಬ್ಯಾಕ್ಟೀರಿಯಾವನ್ನು ಹಲವು ಗಂಟೆ ತಡೆಹಿಡಿಯುತ್ತವೆ. ತಂಪುಪೆಟ್ಟಿಗೆಯಿಲ್ಲದ ಕಡೆಗೆಂದು ಈ ಕ್ರಮಕ್ಕೆ ಅಂತರರಾಷ್ಟ್ರೀಯ ಕೋಡೆಕ್ಸ್ ಆಯೋಗ 1991ರಲ್ಲಿ ಮಾರ್ಗಸೂಚಿ ಹೊರಡಿಸಿತು. ಆದರೆ ಕ್ಯಾನಿನ ಕುತ್ತಿಗೆಯ ಒಳಬದಿಯಲ್ಲಿ, ಮುಚ್ಚಳದ ರಬ್ಬರ್ ಬಳೆಯ ಕೆಳಗೆ ಕಟ್ಟುವ ಹಾಲಿನ ಕಲ್ಲಿಗೆ ಬೇರೆಯೇ ಉಪಚಾರ. ಮೊದಲು ಕ್ಷಾರ, ಜಿಡ್ಡು ಮತ್ತು ಪ್ರೋಟೀನು ತೆಗೆಯಲು. ಆಮೇಲೆ ಆಮ್ಲ, ಕ್ಯಾಲ್ಸಿಯಂ ಕರಗಿಸಲು. ಕೊನೆಗೆ ಬಿಸಿನೀರು. ಡೇರಿಗಳು ದಶಕಗಳಿಂದ ನಂಬಿರುವ ಈ ಅನುಕ್ರಮ ನೈಸರ್ಗಿಕ ಬೆರಕೆಗಳಿಗೂ ದಾರಿ ತೋರಿಸಬೇಕು. ಈಚಿನ ಸಂಶೋಧನೆಗಳಲ್ಲಿ ಹೆಚ್ಚು ಭರವಸೆ ಹುಟ್ಟಿಸುವವು ಎಲ್ಲವನ್ನೂ ಒಟ್ಟಿಗೆ ಸುರಿಯುವ ಬೆರಕೆಗಳಲ್ಲ. ಮೊದಲು ಪ್ರೋಟೀನು, ಡಿಎನ್‌ಎ, ಸಕ್ಕರೆ ಸರಪಳಿಗಳನ್ನು ಕತ್ತರಿಸುವ ಕಿಣ್ವ, ಆಮೇಲೆ ಥೈಮಾಲ್ ಅಥವಾ ಯುಜೆನಾಲ್, ಹೀಗೆ ಸರದಿಯಲ್ಲಿ ಬರುವವು. ಲ್ಯುಕೊನಾಸ್ಟಾಕ್ ಕಟ್ಟುವ ಡೆಕ್ಸ್‌ಟ್ರಾನನ್ನು ಕತ್ತರಿಸುವ ಡೆಕ್ಸ್‌ಟ್ರನೇಸ್ ಕಿಣ್ವ ಸಕ್ಕರೆ ಉದ್ಯಮದಲ್ಲಿ ಈಗಾಗಲೇ ಬಳಕೆಯಲ್ಲಿದೆ. ಯುರೋಪಿನ ಬೀಟ್ ಸಕ್ಕರೆ ಕಾರ್ಖಾನೆಗಳು ಫಾರ್ಮಲಿನ್ ಬದಲು ಹಾಪ್ಸ್ ಹೂವಿನ ಕಹಿ ಆಮ್ಲಗಳನ್ನು ಬಳಸಿದ್ದೂ ಉಂಟು. ಗಿಡದ ಮದ್ದು ಕೈಗಾರಿಕಾ ಪ್ರಮಾಣದಲ್ಲಿ ಲೋಳೆಯ ಎದುರು ನಿಂತ ಉದಾಹರಣೆ ಬೇಕೆಂದರೆ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಸಂಡೂರೆಂದರೆ ಕಬ್ಬಿಣದ ಅದಿರು. ಬಯೋಫಿಲ್ಮಿನ ಲೋಕದಲ್ಲೂ ಕಬ್ಬಿಣಕ್ಕೆ ದೊಡ್ಡ ಪಾತ್ರ. ಕಬ್ಬಿಣದಂಶ ಹೆಚ್ಚಿರುವ ಕೊಳವೆಬಾವಿಗಳ ಪೈಪಿನಲ್ಲಿ ಕೆಂಗಂದು ಲೋಳೆ ಕಟ್ಟುವುದು ಕಬ್ಬಿಣವನ್ನೇ ಉಂಡು ಬದುಕುವ ಬ್ಯಾಕ್ಟೀರಿಯಾಗಳಿಂದ. ಇನ್ನು ಸ್ಯೂಡೊಮೊನಾಸ್‌ನಂಥವು ಅಂಟಿ ಗೂಡು ಕಟ್ಟಬೇಕೆಂದರೆ ಸಾಕಷ್ಟು ಕಬ್ಬಿಣ ಸಿಗಬೇಕು. 2002ರಲ್ಲಿ ಅಮೆರಿಕದ ಸಂಶೋಧಕರು ಹಾಲು, ಕಣ್ಣೀರುಗಳಲ್ಲಿರುವ ಲ್ಯಾಕ್ಟೊಫೆರಿನ್ ಕಬ್ಬಿಣವನ್ನು ಕಸಿದುಕೊಂಡಾಗ ಈ ಬ್ಯಾಕ್ಟೀರಿಯಾ ಒಂದೆಡೆ ಕೂರದೆ ಮೇಲ್ಮೈಯಲ್ಲಿ ಅಲೆಯುತ್ತಲೇ ಇರುವುದನ್ನು ತೋರಿಸಿದರು. ಕೊಲ್ಲದೆಯೇ, ನೆಲೆಯೂರಲು ಬಿಡದಿರುವ ತಂತ್ರ ಇದು. ಚಕ್ಕೆಯ ಸಿನ್ನಮಾಲ್ಡಿಹೈಡ್, ಬೆಳ್ಳುಳ್ಳಿಯ ಅಜೋಯಿನ್ ಕಡಿಮೆ ಪ್ರಮಾಣದಲ್ಲೇ ಬ್ಯಾಕ್ಟೀರಿಯಾಗಳ ಪರಸ್ಪರ ಸಂಕೇತಗಳಿಗೆ ಅಡ್ಡಿಪಡಿಸುವುದೂ ಇದೇ ಬಗೆಯದು. ಕೊಲ್ಲುವ ಮದ್ದಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುತ್ತದೆ ಎಂಬ ಭಯ ಇರುವಾಗ ಈ ದಾರಿಗೆ ಹೆಚ್ಚು ಗಮನ ಸಲ್ಲಬೇಕು. ನಮ್ಮಲ್ಲಿ ಇದಕ್ಕೊಂದು ಪ್ರಾಯೋಗಿಕ ಪ್ರಶ್ನೆಯೂ ಇದೆ: ತುಕ್ಕು ಹಿಡಿದ ಕಬ್ಬಿಣದ ರೋಲರ್ ಮೇಲೆ, ಗಡಸು ನೀರಿನಲ್ಲಿ, ಸಿಟ್ರಿಕ್ ಆಮ್ಲದ ಬಹುಭಾಗ ನೀರಿನ ಕ್ಯಾಲ್ಸಿಯಂಗೂ ತುಕ್ಕಿನ ಕಬ್ಬಿಣಕ್ಕೂ ಖರ್ಚಾದರೆ ಲೋಳೆಗೆ ಉಳಿಯುವುದೆಷ್ಟು? ಬಟ್ಟಿ ಇಳಿಸಿದ ನೀರಿನಲ್ಲಿ ಮಾಡಿದ ಪ್ರಯೋಗ ಇದಕ್ಕೆ ಉತ್ತರ ಕೊಡಲಾರದು.

ಸೋಲಿನ ಕಾರಣಗಳು ಇನ್ನೂ ಇವೆ. ಪ್ರಯೋಗಾಲಯದ ದ್ರಾವಣದಲ್ಲಿ ಗೆದ್ದ ಸುಗಂಧದೆಣ್ಣೆ ಆಹಾರದಲ್ಲಿ ಅದೇ ಕೆಲಸ ಮಾಡಬೇಕಾದರೆ ಅರ್ಧ ಕೆನೆ ತೆಗೆದ ಹಾಲಿನಲ್ಲಿ ಎರಡು ಪಟ್ಟು, ಸೂಪಿನಲ್ಲಿ ಐವತ್ತು ಪಟ್ಟು, ಮೆದು ಚೀಸಿನಲ್ಲಿ ನೂರು ಪಟ್ಟಿನವರೆಗೆ ಬೇಕಾದದ್ದುಂಟು. ಕೊಬ್ಬು ಮತ್ತು ಪ್ರೋಟೀನು ಅದನ್ನು ಹೀರಿಕೊಳ್ಳುತ್ತವೆ. ಎಣ್ಣೆಯನ್ನು ಅತಿ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ನಿಲ್ಲಿಸುವ ನ್ಯಾನೊ ಎಮಲ್ಶನ್‌ಗಳು ಇದಕ್ಕೆ ಒಂದು ಪರಿಹಾರ, ಸದ್ಯಕ್ಕೆ ದುಬಾರಿ. ಅಜವಾನದ ಎಣ್ಣೆಯಲ್ಲಿ ಥೈಮಾಲಿನ ಪಾಲು ತಳಿ, ಮಣ್ಣು, ಕೊಯ್ಲಿನ ಮೇಲೆ ಏರುಪೇರಾಗುತ್ತದೆ. ಒಂದು ಬಾಟಲಿಗೆ ಇನ್ನೊಂದು ಸಮವಲ್ಲ. ಎಲ್ಲಕ್ಕಿಂತ ಅಪಾಯದ್ದು ಅರೆಬರೆ ಪ್ರಮಾಣ. ಕೊಲ್ಲಲು ಸಾಲದಷ್ಟು ಮದ್ದು ತಾಗಿದಾಗ ಕೆಲವು ಬ್ಯಾಕ್ಟೀರಿಯಾಗಳು ಹೆದರಿ ಇನ್ನಷ್ಟು ದಪ್ಪ ಪದರ ಕಟ್ಟುತ್ತವೆ. ನಾಲ್ಕು ಹನಿ ಲವಂಗದೆಣ್ಣೆ ಬಕೆಟ್ಟಿಗೆ ಹಾಕಿ ನೆಮ್ಮದಿಯಿಂದಿರುವುದು ಏನೂ ಹಾಕದೆ ಚೆನ್ನಾಗಿ ತಿಕ್ಕುವುದಕ್ಕಿಂತ ಕೆಟ್ಟದ್ದು.

ಮೇಲ್ಮೈಯ ಆಯ್ಕೆಯಲ್ಲೇ ಅರ್ಧ ಯುದ್ಧವಿದೆ ಎಂಬುದು ಹಂಪಿಯಲ್ಲಿ ಕಣ್ಣಿಗೆ ಕಾಣುವಂತಿದೆ. ಕಮಲಾಪುರದ ಕಡೆಯಿಂದ ಬರುವಾಗ ಸಿಗುವ ಭೋಜನಶಾಲೆಯಲ್ಲಿ ನೀರಿನ ಕಾಲುವೆಯ ಎರಡೂ ಬದಿಗೆ ನುಣುಪಾದ ಕಲ್ಲಿನಲ್ಲಿ ಕೊರೆದ ತಟ್ಟೆಗಳ ಸಾಲು, ಬಟ್ಟಲಿನ ಕುಳಿಗಳೂ ಸೇರಿ. ಉಂಡ ಮೇಲೆ ತೊಳೆಯಲು ನೀರು ಮಗ್ಗುಲಲ್ಲೇ. ಇಂದಿನ ಎಷ್ಟೋ ತಿಂಡಿ ಗಾಡಿಗಳಿಗೆ ಇಲ್ಲದ ಅನುಕೂಲ ಅದು. ಬಾಳೆ ಎಲೆ ಇನ್ನೂ ಮುಂದೆ. ಅಂಟಿ ಬಲಿಯಲು ಬ್ಯಾಕ್ಟೀರಿಯಾಕ್ಕೆ ಗಂಟೆಗಳು ಬೇಕು, ಒಮ್ಮೆ ಉಂಡು ಎಸೆಯುವ ಎಲೆ 20 ನಿಮಿಷವನ್ನೂ ಕೊಡುವುದಿಲ್ಲ. ತಾಮ್ರದ ಮಾತೂ ಇಲ್ಲಿ ಸಲ್ಲುತ್ತದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಬಿಂದಿಗೆಯಲ್ಲಿ 16 ಗಂಟೆ ಇಟ್ಟಾಗ ಅವು ಬದುಕುಳಿಯಲಿಲ್ಲ, ನೀರಿಗೆ ಇಳಿದ ತಾಮ್ರವೂ ಸುರಕ್ಷಿತ ಮಿತಿಯೊಳಗೇ ಇತ್ತು. ಆದರೆ ಅದು ನೀರಿಗೆ ಮಾತ್ರ. ಕಬ್ಬಿನ ಹಾಲು, ನಿಂಬೆ, ಹುಣಸೆ, ಮಜ್ಜಿಗೆಯನ್ನು ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯಲ್ಲಿ ಇಡಬಾರದು. ಹುಳಿ ಲೋಹವನ್ನು ಎಳೆದು ತಿನ್ನುವವರ ಹೊಟ್ಟೆಗೆ ತರುತ್ತದೆ.

ಇಷ್ಟೆಲ್ಲ ಓದಿ ನನಗೆ ಗಟ್ಟಿಯಾಗಿ ಅನಿಸುವುದು ಇದು. ನೈಸರ್ಗಿಕ ಬೆರಕೆಗಳು ಪೊಳ್ಳಲ್ಲ, ಪವಾಡವೂ ಅಲ್ಲ. ಅವುಗಳ ಜಾಗ ತಿಕ್ಕುವ ಕೆಲಸ ಮುಗಿದ ಮೇಲೆ. ಗಾಣದವರ ದಿನಚರಿಯಲ್ಲಿ ಅದು ಹೀಗೆ ಕೂರಬಹುದು: ಸಂಜೆ ರೋಲರ್, ತಟ್ಟೆ, ಜಾಲರಿ ಬಿಚ್ಚಿ, ಒಣಗುವ ಮೊದಲೇ ವಾಷಿಂಗ್ ಸೋಡಾ ಬೆರೆಸಿದ ಬಿಸಿನೀರಿನಲ್ಲಿ ಬ್ರಷ್ಷಿನಿಂದ ತಿಕ್ಕುವುದು, ನೀರಿನಿಂದ ತೊಳೆಯುವುದು, ಆಮೇಲೆ ಸಿಟ್ರಿಕ್ ಆಮ್ಲದ ಜೊತೆ ಥೈಮಾಲ್‌ನಂಥದ್ದೊಂದನ್ನು ಸರಿಯಾಗಿ ಕರಗಿಸಿದ ದ್ರಾವಣವನ್ನು ಹಚ್ಚಿ ನಿಲ್ಲಿಸುವುದು, ಮತ್ತೆ ತೊಳೆದು ಪೂರ್ತಿ ಒಣಗಿಸುವುದು. ಬೆಳಗ್ಗೆ ಒದ್ದೆ ಬಟ್ಟೆಯಿಂದ ಒರೆಸಿ ಶುರುಮಾಡಿದರೆ ರಾತ್ರಿಯ ದುಡಿಮೆಯೆಲ್ಲ ವ್ಯರ್ಥ, ಏಕೆಂದರೆ ಗಾಡಿಯಲ್ಲಿ ಅತಿ ದಟ್ಟ ಲೋಳೆ ಇರುವುದು ಆ ಬಟ್ಟೆಯಲ್ಲೇ. ಈ ಸರಣಿಯ ಮೊದಲರ್ಧಕ್ಕೆ ಯಾವ ಹೊಸ ಸಂಶೋಧನೆಯೂ ಬೇಡ, ಬೇಕಾದದ್ದು ಗಾಡಿಯ ಹತ್ತಿರ ಒಂದು ನಲ್ಲಿ ಮತ್ತು ಬಿಸಿನೀರಿನ ಅನುಕೂಲ. ವಿಶ್ವ ಪರಂಪರೆಯ ತಾಣವೆಂದು 1986ರಿಂದ ಹೆಸರಾದ ಊರಿನ ಸುತ್ತ ಪ್ರವಾಸಿಗರನ್ನು ಉಣಿಸಿ ಕುಡಿಸುವ ಬಡ ವ್ಯಾಪಾರಿಗಳಿಗೆ ಅಷ್ಟು ಒದಗಿಸುವುದು ಆಡಳಿತದ ಹೊಣೆ. ನೀರು ಕೊಡದೆ ಶುಚಿತ್ವದ ನೋಟಿಸು ಕೊಡುವುದು ಅನ್ಯಾಯ.

ಎರಡನೆಯ ಅರ್ಧಕ್ಕೆ ಸಂಶೋಧನೆ ಬೇಕು, ಅದು ಇಲ್ಲೇ ಆಗಬೇಕು. 1950ರಿಂದ ಮೈಸೂರಿನಲ್ಲಿ ಕೆಲಸ ಮಾಡುತ್ತಿರುವ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯಕ್ಕೆ ಮಸಾಲೆಗಳ ಬಗೆಗೂ ಹುಳಿ ಬ್ಯಾಕ್ಟೀರಿಯಾಗಳ ಬಗೆಗೂ ಆಳವಾದ ಅನುಭವವಿದೆ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಗಾಣಕ್ಕೂ ಗದ್ದೆಗೂ ಹತ್ತಿರ. ಕಂಪ್ಲಿಯ ಆಲೆಮನೆಯ ತಗಡು, ಹೊಸಪೇಟೆಯ ಮೀನಿನ ಹಲಗೆ, ಸಂಡೂರಿನ ಕೊಳವೆಬಾವಿಯ ನೀರು, ಹಂಪಿಯ 40 ಡಿಗ್ರಿ ಬಿಸಿಲು, ಇವನ್ನೇ ಪ್ರಯೋಗದ ಷರತ್ತಾಗಿ ಇಟ್ಟುಕೊಂಡು ಹಳೆಯ, ಬೆರಕೆ ಜಾತಿಯ ಪದರದ ಮೇಲೆ ಸಿಟ್ರಿಕ್-ಥೈಮಾಲ್ ಜೋಡಿಯನ್ನು ಅಳೆಯುವುದು ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬರ ಒಂದು ವರ್ಷದ ಕೆಲಸಕ್ಕೆ ತಕ್ಕ ವಿಷಯ. ಅಷ್ಟರೊಳಗೆ ಮಾರುಕಟ್ಟೆಗೆ ಬರುವ ‘ನೈಸರ್ಗಿಕ’, ‘ಗಿಡಮೂಲಿಕೆ’ ಹೆಸರಿನ ಸಿಂಪಡಣೆ ಬಾಟಲಿಗಳನ್ನು ಕೊಳ್ಳುವ ಹೋಟೆಲಿನವರು ಲೇಬಲ್ಲಿನ ಮೇಲೆ ನಾಲ್ಕು ವಿವರ ಹುಡುಕಲಿ: ಯಾವ ಬ್ಯಾಕ್ಟೀರಿಯಾ, ಯಾವ ಮೇಲ್ಮೈ, ಎಷ್ಟು ಪ್ರಮಾಣ, ಎಷ್ಟು ನಿಮಿಷ. ನಾಲ್ಕೂ ಇಲ್ಲದಿದ್ದರೆ ಆ ದುಡ್ಡಿಗೆ ಗಟ್ಟಿ ಬ್ರಷ್ಷು, ವಾಷಿಂಗ್ ಸೋಡಾ ಕೊಳ್ಳುವುದು ಲೇಸು.